‘ಚೆಂಡಿನ ಬಲ ಮುಗಿಯಿತು’ ಎನ್ನುವ ಮಕ್ಕಳಿಗೆ ಜಡತ್ವ ಕಲಿಸುವುದು ಹೇಗೆ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಮನೆಮಾತು ತುಳು, ಮಲಯಾಳ, ಹವ್ಯಕ ಕನ್ನಡ, ಬ್ಯಾರಿ, ಮರಾಠಿ, ಹೀಗೆ ಬೇರೆ ಬೇರೆ. ಜಡತ್ವದ, ಅಂದರೆ ವಸ್ತು ಇದ್ದ ಸ್ಥಿತಿಯಲ್ಲೇ ಮುಂದುವರಿಯುವ ಗುಣದ, ಮೂರು ವಿಧಗಳನ್ನು (ನಿಶ್ಚಲ ಜಡತ್ವ, ಚಲನೆಯ ಜಡತ್ವ, ದಿಕ್ಕಿನ ಜಡತ್ವ) ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಉರುಳಿಬಿಟ್ಟ ಚೆಂಡು ಯಾಕೆ ನಿಂತಿತು ಎಂದರೆ ‘ಅದರ ಬಲ ಮುಗಿಯಿತು’ ಎನ್ನುತ್ತಾರೆ. ಬಸ್ಸಿಗೆ ಬ್ರೇಕ್ ಬಿದ್ದಾಗ ‘ಜಡತ್ವ ಎಂಬ ಬಲ ನಮ್ಮನ್ನು ಮುಂದಕ್ಕೆ ದೂಡುತ್ತದೆ’ ಎಂದು ಬರೆಯುತ್ತಾರೆ. ವೇಗೋತ್ಕರ್ಷ (ವೇಗ ಬದಲಾಗುವ ದರ) ಎಂಬ ಪದ ಕೇಳಿದರೇ ಮುಖ ಬಾಡುತ್ತದೆ. ನಮ್ಮಲ್ಲಿ ಪ್ರಯೋಗಾಲಯ ಇಲ್ಲ. ಎಲ್ಲಿಂದ ಶುರು ಮಾಡಲಿ? ಮುಂದೆ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳಿಗೆ ಯಾವ ಪದ ಕೊಡಲಿ?

ಉತ್ತರ: ಟೀಚರೇ, ‘ಬಲ ಮುಗಿಯಿತು’ ಎಂದ ನಿಮ್ಮ ಮಕ್ಕಳು ಒಳ್ಳೆಯ ಸಹವಾಸದಲ್ಲೇ ಇದ್ದಾರೆ. ಕೈಬಿಟ್ಟ ಮೇಲೂ ಕಲ್ಲು ಯಾಕೆ ಮುಂದೆ ಹೋಗುತ್ತದೆ ಎಂಬ ಪ್ರಶ್ನೆಗೆ ಅರಿಸ್ಟಾಟಲ್ ‘ಗಾಳಿ ಹಿಂದಿನಿಂದ ದೂಡುತ್ತದೆ’ ಎಂದಿದ್ದ. 14ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಲಿಸುತ್ತಿದ್ದ ಜಾನ್ ಬುರಿಡಾನ್ ಅದನ್ನು ಒಪ್ಪಲಿಲ್ಲ. ಎಸೆದವನು ಕಲ್ಲಿನೊಳಗೆ ಒಂದು ತಳ್ಳನ್ನು ತುಂಬಿ ಕಳಿಸುತ್ತಾನೆ, ಅದರಿಂದಲೇ ಕಲ್ಲು ಹೋಗುತ್ತದೆ ಎಂದ. ನಿಮ್ಮ ಏಳನೆಯ ತರಗತಿಯವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಬುರಿಡಾನ್ ಇನ್ನೊಂದು ಮಾತು ಸೇರಿಸಿದ್ದ. ತುಂಬಿದ ಆ ತಳ್ಳು ತಾನಾಗಿ ಕರಗುವುದಿಲ್ಲ, ಗಾಳಿಯ ತಡೆ ಮತ್ತು ಕಲ್ಲಿನ ಭಾರ ಸೇರಿ ಅದನ್ನು ತಿನ್ನುತ್ತವೆ ಎಂದು. ನಿಮ್ಮ ಪಾಠಕ್ಕೆ ಬಾಗಿಲು ತೆರೆಯುವುದು ಈ ಎರಡನೆಯ ಮಾತಿನಲ್ಲಿ. ಮಗು ‘ಮುಗಿಯಿತು’ ಎಂದಾಗ ತಪ್ಪು ಎಂದು ಹೇಳಬೇಡಿ. ‘ಯಾರು ಮುಗಿಸಿದ್ದು?’ ಎಂದು ಕೇಳಿ.

ನಾನು ಇಡೀ ಅಧ್ಯಾಯವನ್ನು ಈ ಒಂದು ಪ್ರಶ್ನೆಯ ಮೇಲೆ ನಿಲ್ಲಿಸುತ್ತೇನೆ. ಚಲನೆಗೆ ಕಾರಣ ಕೇಳುವುದು ನಮ್ಮ ಹಳೆಯ ಚಾಳಿ. ಕೇಳಬೇಕಾದ್ದು ಬದಲಾವಣೆಗೆ ಕಾರಣ. ನಿಂತದ್ದು ಹೊರಟಿತೇ, ಹೊರಟದ್ದು ನಿಂತಿತೇ, ನೇರ ಹೋಗುತ್ತಿದ್ದದ್ದು ತಿರುಗಿತೇ? ಹಾಗಾದರೆ ಯಾರದೋ ಕೈವಾಡ ಇದೆ. ಆ ‘ಯಾರೋ’ಗೆ ಹೆಸರು ಬಲ. ಏನೂ ಬದಲಾಗದೆ ಇದ್ದರೆ ಕಾರಣ ಹುಡುಕುವ ಕೆಲಸವೇ ಇಲ್ಲ. ಇಷ್ಟು ಒಳಗೆ ಇಳಿದರೆ ವ್ಯಾಖ್ಯೆಗಳನ್ನು ಮಕ್ಕಳೇ ಹೇಳಿಕೊಡುತ್ತಾರೆ.

ನನ್ನ ಆರಂಭದ ವರ್ಷಗಳಲ್ಲಿ ನಾನು ಇದನ್ನು ತಲೆಕೆಳಗಾಗಿ ಮಾಡಿದ್ದೆ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು ರಟ್ಟನ್ನು ಬೆರಳಿನಿಂದ ಚಿಮ್ಮಿದರೆ ನಾಣ್ಯ ಲೋಟದೊಳಗೆ ಬೀಳುವ ಪ್ರಯೋಗ ಎಲ್ಲರೂ ಬಲ್ಲದ್ದು. ಮಕ್ಕಳು ಚಪ್ಪಾಳೆ ತಟ್ಟಿದರು. ‘ಇದೇ ನಿಶ್ಚಲ ಜಡತ್ವ’ ಎಂದು ಹಲಗೆಯಲ್ಲಿ ಬರೆದೆ. ಮಾರನೆಯ ದಿನ ಕೇಳಿದರೆ ‘ಜಡತ್ವ ನಾಣ್ಯವನ್ನು ಹಿಡಿದುಕೊಳ್ಳುತ್ತದೆ’ ಎಂಬ ಉತ್ತರ. ಅವರು ನೋಡಿದ್ದು ಜಾದೂ, ನಾನು ಅದಕ್ಕೆ ಹಚ್ಚಿದ್ದು ಒಂದು ಹೆಸರು. ಹೆಸರು ಹಚ್ಚಿದರೆ ಕಾರಣ ಹೇಳಿದಂತೆ ಎಂದು ಮಕ್ಕಳಿಗೆ ನಾನೇ ಕಲಿಸಿಬಿಟ್ಟಿದ್ದೆ. ಅಂದಿನಿಂದ ಜಡತ್ವ ಎಂಬ ಪದವನ್ನು ಮೂರನೆಯ ಪಿರಿಯಡ್‌ವರೆಗೆ ಬಾಯಿಗೆ ತರುವುದನ್ನು ಬಿಟ್ಟೆ.

ಮೊದಲ ಪಿರಿಯಡ್‌ಗೆ ಬೇಕಾದ್ದು ಒಂದು ಕೇರಂ ಸ್ಟ್ರೈಕರ್. ಮುರಕಲ್ಲಿನ ಅಂಗಳದಲ್ಲಿ, ಜಗಲಿಯ ಸಿಮೆಂಟಿನ ಮೇಲೆ, ಕೇರಂ ಬೋರ್ಡಿನಲ್ಲಿ, ಕೊನೆಗೆ ಪೌಡರ್ ಉದುರಿಸಿದ ಬೋರ್ಡಿನಲ್ಲಿ ಅದನ್ನು ಒಂದೇ ರೀತಿ ಹೊಡೆಯಲು ಹೇಳಿ. ಅಂಗಳದಲ್ಲಿ ಎರಡು ಗೇಣು ಹೋಗಿ ನಿಂತದ್ದು ಬೋರ್ಡಿನಲ್ಲಿ ಅಂಚಿಗೆ ಬಡಿದು ಮರಳಿ ಬರುತ್ತದೆ. ಬೆರಳು ಕೊಟ್ಟ ಬಲ ಎರಡೂ ಕಡೆ ಅಷ್ಟೇ. ಹಾಗಾದರೆ ಅಂಗಳದಲ್ಲಿ ಅದನ್ನು ಮುಗಿಸಿದ್ದು ಯಾರು? ಯಾವುದಾದರೊಂದು ಮಗು ‘ನೆಲ’ ಎಂದೇ ಎನ್ನುತ್ತದೆ. ಇನ್ನೂ ನುಣುಪಾದ ಬೋರ್ಡ್, ಇನ್ನೂ ಒಳ್ಳೆಯ ಪೌಡರ್, ಅಂಚೇ ಇಲ್ಲದ ಬೋರ್ಡ್ ಇದ್ದರೆ? ಇಲ್ಲಿ ಸುಮ್ಮನಿರಿ, ಮಕ್ಕಳೇ ಉತ್ತರಿಸಲಿ. ‘ನಿಲ್ಲುವುದೇ ಇಲ್ಲ’ ಎಂಬ ಮಾತು ಮಗುವಿನ ಬಾಯಿಂದ ಬಂದಾಗ ವೊಯೇಜರ್ 1ರ ಕಥೆ ಹೇಳಿ. 1977ರ ಸೆಪ್ಟೆಂಬರಿನಲ್ಲಿ ಹೊರಟ ಬಾಹ್ಯಾಕಾಶ ನೌಕೆ, ಇವತ್ತಿಗೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಹೋಗುತ್ತಲೇ ಇರಲು ಅದಕ್ಕೆ ಯಾವ ಎಂಜಿನ್ನೂ ಉರಿಯಬೇಕಾಗಿಲ್ಲ. ನೆಲವೂ ಇಲ್ಲ, ಗಾಳಿಯೂ ಇಲ್ಲ, ಮುಗಿಸುವವರು ಯಾರು?

ಇನ್ನು ಅಡಿಕೆ ಹಾಳೆಯ ಆಟಕ್ಕೆ ಬರೋಣ. ಅಡಿಕೆ ತೋಟದ ಊರಿನಲ್ಲಿ ಇದ್ದು ಭೌತವಿಜ್ಞಾನಕ್ಕೆ ಸಾಮಾನಿಲ್ಲ ಎನ್ನಬಾರದು. ಒಬ್ಬ ಹಾಳೆಯಲ್ಲಿ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಎಳೆಯುವುದು. ನಿಮ್ಮ ಮಕ್ಕಳಲ್ಲಿ ಈ ಆಟ ಆಡದವರು ಕಡಿಮೆ. (ಈಗ ಬಿದ್ದ ಹಾಳೆಗೆಲ್ಲ ತಟ್ಟೆ ಮಾಡುವವರ ಪೈಪೋಟಿ ಇದೆ, ನಾಲ್ಕು ಒಳ್ಳೆಯ ಹಾಳೆ ಮೊದಲೇ ಎತ್ತಿಡಿ.) ಎಳೆಯುವವನು ತಟ್ಟನೆ ಜಗ್ಗಿದರೆ ಕೂತವನು ಹಿಂದಕ್ಕೆ ವಾಲುತ್ತಾನೆ. ಓಡುತ್ತಾ ತಟ್ಟನೆ ನಿಂತರೆ ಕೂತವನು ಹಾಳೆ ಸಮೇತ ಬಂದು ಅವನ ಕಾಲಿಗೆ ಬಡಿಯುತ್ತಾನೆ. ತೆಂಗಿನಮರವನ್ನು ಬಳಸಿ ತಿರುಗಿದರೆ ಹೊರಬದಿಗೆ ಉರುಳುತ್ತಾನೆ. ಪಠ್ಯ ಹೇಳುವ ಮೂರೂ ವಿಧ ಒಂದೇ ಆಟದಲ್ಲಿ ಮುಗಿದುಹೋಯಿತು. ನನ್ನನ್ನು ಕೇಳಿದರೆ ಆ ಮೂರು ವಿಧ ಬೇಡವೇ ಬೇಡ. ಇರುವುದು ಒಂದೇ ಗುಣ. ಇದ್ದ ಹಾಗೆಯೇ ಇರುವುದು, ಯಾರಾದರೂ ಬದಲಿಸುವ ತನಕ. ಪರೀಕ್ಷೆಗೆ ಬೇಕೆಂದರೆ ಕೊನೆಯ ದಿನ ಐದು ನಿಮಿಷದಲ್ಲಿ ಹೇಳಿ ಮುಗಿಸಿ.

ಒಂದು ವರ್ಷ ಹಾಳೆ ಎಳೆಸಿದ ಮೇಲೆ ತರಗತಿಗೆ ಬಂದು, ಬಲ ಹಾಕಿದರೆ ವೇಗ ಬದಲಾಗುತ್ತದೆ ಎಂದು ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. ‘ಮಾಷ್ಟ್ರೇ, ನಾನು ಇವಳನ್ನು ಅಂಗಳದ ಆ ತಲೆಯಿಂದ ಈ ತಲೆಗೆ ಎಳೆದೆ. ಇಡೀ ಹೊತ್ತು ಕೈ ನೋಯ್ತಾ ಇತ್ತು. ಆದ್ರೆ ಸ್ಪೀಡ್ ಒಂದೇ ಇತ್ತು. ನಾನು ಹಾಕಿದ ಬಲ ಎಲ್ಲಿಗೆ ಹೋಯ್ತು?’ ಅಂದಳು.

ಟೀಚರೇ, ಈ ಅಧ್ಯಾಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಮಕ್ಕಳ ದಿನನಿತ್ಯದ ಅನುಭವವೆಲ್ಲ ಅವಳ ಕಡೆಗಿದೆ. ಎತ್ತಿನಗಾಡಿ, ಸೈಕಲ್, ಒತ್ತುಗಾಡಿ, ಎಲ್ಲವೂ ಬಲ ಹಾಕಿದಷ್ಟು ಹೊತ್ತು ಹೋಗುತ್ತವೆ, ಬಿಟ್ಟರೆ ನಿಲ್ಲುತ್ತವೆ. ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದರೆ ಮಗು ಪರೀಕ್ಷೆಗೆ ನ್ಯೂಟನ್ನನನ್ನೂ ಬದುಕಿಗೆ ಅರಿಸ್ಟಾಟಲನನ್ನೂ ಇಟ್ಟುಕೊಳ್ಳುತ್ತದೆ. ಅವಳಿಗೆ ನಾನು ಉತ್ತರ ಹೇಳಲಿಲ್ಲ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಹಗ್ಗಜಗ್ಗಾಟ ಆಡಿಸಿದೆ. ಎರಡು ಕಡೆಯೂ ಸಮಬಲ ಇದ್ದಾಗ ಹಗ್ಗ ಅಲುಗುವುದಿಲ್ಲ, ಆದರೆ ಎಲ್ಲರ ಕೈಯೂ ಉರಿಯುತ್ತದೆ. ಬಲ ‘ಹೋಗಲಿಲ್ಲ’, ಎದುರಿನ ಬಲ ಅದನ್ನು ಸರಿತೂಗಿಸಿತು. ಹಾಳೆಯಲ್ಲೂ ಎದುರು ತಂಡ ಒಂದಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ: ನೆಲದ ಘರ್ಷಣೆ.

ಇಲ್ಲಿ ಗುಜರಿಯವರ ಹತ್ತಿರ ಇರುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಬಹಳ ಉಪಕಾರ ಮಾಡುತ್ತದೆ. ಸೋಗೆಗೆ ಅದನ್ನು ಸಿಕ್ಕಿಸಿ, ತಕ್ಕಡಿ ಹಿಡಿದು ಎಳೆಯಿರಿ. ಹೊರಡುವ ಮುಂಚೆ ಮುಳ್ಳು ಏರುತ್ತಾ ಹೋಗುತ್ತದೆ, ಹಾಳೆ ಕದಲಿದ ಕ್ಷಣ ತುಸು ಇಳಿಯುತ್ತದೆ. ಒಂದೇ ವೇಗದಲ್ಲಿ ನಡೆದರೆ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. 30 ಕೆಜಿಯ ಮಗು ಕೂತಿರುವಾಗ ಮುಳ್ಳು 12 ಕೆಜಿಯಲ್ಲಿ ನಿಂತಿತು ಎನ್ನಿ. ಸುಮಾರು 120 ನ್ಯೂಟನ್. (ನ್ಯೂಟನ್ ಎಂದರೆ ಎಷ್ಟು ಎಂದು ಮಕ್ಕಳು ಕೇಳಿದರೆ 100 ಗ್ರಾಮಿನ ಚಾಪುಡಿ ಪೊಟ್ಟಣವನ್ನು ಅಂಗೈಯಲ್ಲಿಡಿ, ಅದು ಒತ್ತುವಷ್ಟು.) ನೆಲವೂ 120 ನ್ಯೂಟನ್ ಹಿಂದಕ್ಕೆ ಎಳೆಯುತ್ತಿದೆ. ಎರಡೂ ಸಮ, ಉಳಿದದ್ದು ಸೊನ್ನೆ, ಅದಕ್ಕೇ ವೇಗದಲ್ಲಿ ಬದಲಾವಣೆಯೂ ಸೊನ್ನೆ. ಈಗ 150 ನ್ಯೂಟನ್ ಬಲದಿಂದ ಎಳೆದರೆ 30 ಉಳಿಯಿತು. ಆ ಉಳಿದ 30 ಮಾತ್ರ ವೇಗ ಹೆಚ್ಚಿಸುವ ಕೆಲಸ ಮಾಡುತ್ತದೆ. 30 ಕೆಜಿಗೆ 30 ನ್ಯೂಟನ್, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ ಒಂದು ಮೀಟರ್‌ನಷ್ಟು ಏರುತ್ತದೆ. ಆ ಹುಡುಗಿಗೆ ಸಿಕ್ಕಿದ ಉತ್ತರ ಇದು. ‘ಉಳಿದ ಬಲ’ ಎಂಬುದು ಅವಳೇ ಇಟ್ಟ ಹೆಸರು. ಪುಸ್ತಕದ ‘ಫಲಿತ ಬಲ’ಕ್ಕಿಂತ ನನಗೆ ಅದೇ ಹಿಡಿಸಿತು.

ಒಂದು ಎಚ್ಚರಿಕೆ. ಹಾಳೆಯಲ್ಲಿ ಇಬ್ಬರನ್ನು ಕೂರಿಸಿ ‘ನೋಡಿ, ದ್ರವ್ಯರಾಶಿ ಹೆಚ್ಚಿದರೆ ವೇಗೋತ್ಕರ್ಷ ಕಡಿಮೆ’ ಎಂದು ತೋರಿಸಲು ಹೋಗಬೇಡಿ. ಭಾರ ಇಮ್ಮಡಿಯಾದಾಗ ಘರ್ಷಣೆಯೂ ಇಮ್ಮಡಿಯಾಗುತ್ತದೆ. 150 ನ್ಯೂಟನ್ ಬಲಕ್ಕೆ ಹಾಳೆ ಕದಲುವುದೂ ಇಲ್ಲ. ನೀವು ತೋರಿಸಹೊರಟದ್ದು ಒಂದು, ಮಕ್ಕಳು ಕಂಡದ್ದು ಇನ್ನೊಂದು ಆದೀತು. ದ್ರವ್ಯರಾಶಿಯ ಪಾಠಕ್ಕೆ ಘರ್ಷಣೆಯನ್ನು ದಾರಿಯಿಂದ ಸರಿಸಬೇಕು. ಅದಕ್ಕೆ ಸುಲಭದ ಉಪಾಯ ಶಾಲೆಯ ಮಾವಿನ ಮರ. ಒಂದು ಗೋಣಿಗೆ ಮರಳು, ಇನ್ನೊಂದಕ್ಕೆ ತೆಂಗಿನ ಸಿಪ್ಪೆ ತುಂಬಿ, ಎರಡನ್ನೂ ಉದ್ದದ ಹಗ್ಗದಲ್ಲಿ ಜೋಕಾಲಿಯಂತೆ ತೂಗಹಾಕಿ. ಭಾರ ಹೊರುವುದು ಈಗ ಹಗ್ಗದ ಕೆಲಸ, ನಾವು ಎತ್ತಬೇಕಾಗಿಲ್ಲ. ಒಂದೇ ಬೆರಳಿನಿಂದ ದೂಡಲು ಹೇಳಿ. ಸಿಪ್ಪೆಯ ಗೋಣಿ ಹಾರಿಹೋಗುತ್ತದೆ. ಮರಳಿನ ಗೋಣಿ ‘ಏನು?’ ಎಂದು ಕೇಳುವ ಹಾಗೆ ನಿಧಾನಕ್ಕೆ ಕದಲುತ್ತದೆ. ಆಮೇಲೆ ಮರಳಿನ ಗೋಣಿಯನ್ನು ತೂಗಿ ಬಿಟ್ಟು ಅದೇ ಬೆರಳಿನಿಂದ ನಿಲ್ಲಿಸಲು ಹೇಳಿ. ಬೆರಳು ಸೋಲುತ್ತದೆ.

ಈ ಎರಡನೆಯ ಭಾಗವನ್ನು ಬಿಡಲೇಬೇಡಿ, ಯಾಕೆಂದರೆ ಪದದ ತೊಡಕು ಬಿಡಿಸುವುದು ಅದೇ. ನಮ್ಮ ಮಾತಿನಲ್ಲಿ ಜಡ ಎಂದರೆ ಆಲಸ್ಯ, ಕರಾವಳಿಯವರ ‘ಉದಾಸೀನ’. ಜಡತ್ವ ಎಂದೊಡನೆ ಮಗುವಿನ ಮನಸ್ಸಿಗೆ ಬರುವುದು ಬಿದ್ದುಕೊಂಡಿರುವ ಚಿತ್ರ. ಇದು ಕನ್ನಡದ ತಪ್ಪಲ್ಲ. ಇನರ್ಷಿಯ ಎಂಬ ಲ್ಯಾಟಿನ್ ಪದಕ್ಕೂ ಅರ್ಥ ಸೋಮಾರಿತನವೇ. ಅದನ್ನು ಭೌತವಿಜ್ಞಾನಕ್ಕೆ ತಂದ ಖಗೋಳವಿಜ್ಞಾನಿ ಕೆಪ್ಲರ್, ದೂಡದೆ ಹೋದರೆ ವಸ್ತು ನಿಂತುಬಿಡುತ್ತದೆ ಎಂಬ ಅರ್ಥದಲ್ಲೇ ಬಳಸಿದ್ದ. ನ್ಯೂಟನ್ 1687ರಲ್ಲಿ ಪದವನ್ನು ಉಳಿಸಿಕೊಂಡು ಅರ್ಥವನ್ನು ಅಗಲಿಸಿದ: ನಿಂತದ್ದು ನಿಂತೇ ಇರುತ್ತದೆ, ಹೋಗುತ್ತಿರುವುದು ಹೋಗುತ್ತಲೇ ಇರುತ್ತದೆ. ಸೋಮಾರಿ ಗೋಣಿಯಾಗಿದ್ದರೆ ನಿಲ್ಲಿಸಿದಾಗ ಖುಷಿಯಿಂದ ನಿಲ್ಲಬೇಕಿತ್ತು. ಅದು ನಿಲ್ಲಲೂ ಒಪ್ಪುವುದಿಲ್ಲ. ಹಾಗಾಗಿ ‘ಹಠ’ ಎಂಬ ಪದ ಹೆಚ್ಚು ಹೊಂದುತ್ತದೆ ಎಂದು ನನ್ನ ಅನುಭವ. ಮರಳಿನ ಗೋಣಿಗೆ ಹಠ ಜಾಸ್ತಿ, ಸಿಪ್ಪೆಯ ಗೋಣಿಗೆ ಕಡಿಮೆ. ಆ ಹಠದ ಅಳತೆಯೇ ದ್ರವ್ಯರಾಶಿ. ಒಂದೆರಡು ದಿನ ಹಠ ಎಂದೇ ಮಾತಾಡಲಿ, ಆಮೇಲೆ ಜಡತ್ವ ಎಂಬ ಅಂಗಿ ತೊಡಿಸಿ.

‘ಜಡತ್ವ ಎಂಬ ಬಲ’ ಎಂದು ಬರೆಯುವ ವಿಚಾರ. ಸ್ವತಃ ನ್ಯೂಟನ್ನೇ ಲ್ಯಾಟಿನ್ನಿನಲ್ಲಿ ಅದನ್ನು ‘ವಿಸ್ ಇನರ್ಷಿಯೆ’, ಅಂದರೆ ಜಡತ್ವದ ಬಲ, ಎಂದು ಕರೆದಿದ್ದ. ಮಕ್ಕಳ ಮೇಲೆ ಸಿಟ್ಟು ಬೇಡ. ಆದರೆ ಅರ್ಧ ತಪ್ಪು ನಮ್ಮ ವಾಕ್ಯದಲ್ಲೇ ಇದೆ. ‘ಬ್ರೇಕ್ ಹಾಕಿದಾಗ ಜಡತ್ವದಿಂದಾಗಿ ನಾವು ಮುಂದಕ್ಕೆ ಎಸೆಯಲ್ಪಡುತ್ತೇವೆ’ ಎಂದು ನಾವು ಹೇಳಿದರೆ, ಎಸೆಯುವವನೊಬ್ಬ ಇದ್ದಾನೆ ಎಂದೇ ಮಗು ತಿಳಿಯುತ್ತದೆ. ಬಸ್ಸಿನೊಳಗೆ ನಮ್ಮನ್ನು ಮುಂದಕ್ಕೆ ದೂಡಿದವರು ಯಾರೂ ಇಲ್ಲ. ಬಸ್ಸು ನಿಧಾನವಾಯಿತು, ನೆಲ ನಮ್ಮ ಪಾದವನ್ನು ಹಿಂದಕ್ಕೆ ಹಿಡಿಯಿತು. ಸೊಂಟದಿಂದ ಮೇಲಿನದು ಮೊದಲಿನ ವೇಗದಲ್ಲೇ ಹೋಗುತ್ತಿತ್ತು. ಅಷ್ಟೇ. ಹೊರಡುವಾಗ ಪಾದ ಬಸ್ಸಿನೊಡನೆ ಮುಂದೆ ಹೋಯಿತು, ತಲೆ ಇದ್ದಲ್ಲೇ ಉಳಿಯಿತು. ಮುಳ್ಳೇರಿಯ ಕಡೆಯ ತಿರುವುಗಳಲ್ಲಿ ಬಸ್ಸು ತಿರುಗಿತು, ನಾವು ತಿರುಗಲಿಲ್ಲ. ಪ್ರತಿ ಸಲವೂ ‘ಬಸ್ಸಿಗೆ ಏನಾಯಿತು’ ಎಂದು ಮೊದಲು ಹೇಳಿಸಿ, ಆಮೇಲೆ ‘ನಮಗೆ ಏನಾಗಲಿಲ್ಲ’ ಎಂದು ಹೇಳಿಸಿ. ಕತ್ತಿಯ ಕಾವನ್ನು (ಹಿಡಿಯನ್ನು) ಕಲ್ಲಿಗೆ ಕುಟ್ಟಿದರೆ ಕತ್ತಿ ಬಿಗಿಯಾಗುವುದೂ ಇದೇ ಲೆಕ್ಕ: ಕಾವು ನಿಂತಿತು, ಕತ್ತಿ ನಿಲ್ಲಲಿಲ್ಲ. ನಿಲ್ಲುವ ಮೊದಲೇ ಬಸ್ಸಿನಿಂದ ಹಾರಿ ಇಳಿದು ನಾಲ್ಕು ಹೆಜ್ಜೆ ಓಡುವ ಕಿಳಿಯ (ಬಸ್ಸಿನ ಬಾಗಿಲಲ್ಲಿ ನಿಲ್ಲುವ ಸಹಾಯಕನ) ಕಸರತ್ತು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅವನು ಯಾಕೆ ಓಡುತ್ತಾನೆ ಎಂದು ಕೇಳಿ, ಆದರೆ ಮಾಡಿ ನೋಡಬೇಡಿ ಎಂದು ಗಟ್ಟಿಯಾಗಿ ಹೇಳಿ.

ವೇಗೋತ್ಕರ್ಷಕ್ಕೆ ಮಕ್ಕಳು ಹೆದರುವುದು ಪದ ಉದ್ದ ಇದೆ ಎಂದು ಮಾತ್ರವಲ್ಲ. ಅದರ ಅಳತೆಯಲ್ಲಿ ಸೆಕೆಂಡ್ ಎರಡು ಸಲ ಬರುತ್ತದೆ, ಅದು ತಲೆಗೆ ಹೋಗುವುದಿಲ್ಲ. ನಮ್ಮ ಕಡೆಯ ಅಂಗಡಿಕಾರರೆಲ್ಲ ಪಿಗ್ಮಿ ಕಟ್ಟುವವರು, ಮಕ್ಕಳಿಗೂ ಅದು ಗೊತ್ತು. ದಿನಕ್ಕೆ 50 ರೂಪಾಯಿ ಕಟ್ಟಿದರೆ ಪುಸ್ತಕದಲ್ಲಿ ಜಮೆಯಾಗುತ್ತಾ ಹೋಗುವ ಹಣ ಕ್ರಮಿಸಿದ ದೂರ. ದಿನಕ್ಕೆ ಕಟ್ಟುವ 50 ವೇಗ. ಒಬ್ಬ ದಿನದಿಂದ ದಿನಕ್ಕೆ 5 ರೂಪಾಯಿ ಹೆಚ್ಚಿಸುತ್ತಾ 50, 55, 60 ಎಂದು ಕಟ್ಟಿದರೆ? ದಿನಕ್ಕೆ ಕಟ್ಟುವ ಮೊತ್ತ ದಿನಕ್ಕೆ 5 ರೂಪಾಯಿಯಂತೆ ಏರಿತು. ‘ದಿನಕ್ಕೆ, ದಿನಕ್ಕೆ’ ಎರಡು ಸಲ ಬಂತು, ಯಾರಿಗೂ ಗೊಂದಲ ಆಗಲಿಲ್ಲ. ಜಮೆ ದೊಡ್ಡದಿದ್ದ ಮಾತ್ರಕ್ಕೆ ಏರಿಕೆ ದೊಡ್ಡದಲ್ಲ. ದಿನಕ್ಕೆ 1000 ಕಟ್ಟುವವನ ಏರಿಕೆ ಸೊನ್ನೆ ಇರಬಹುದು. ಜೋರಾಗಿ ಹೋಗುವ ರೈಲಿಗೆ ವೇಗೋತ್ಕರ್ಷ ಇಲ್ಲದಿರಬಹುದು ಎಂಬುದು ಇಲ್ಲಿಂದ ತಾನಾಗಿ ಬರುತ್ತದೆ.

ಆಮೇಲೆ ಬಸ್ಸಿನ ಲೆಕ್ಕಕ್ಕೆ ಹೋಗಿ. ನಿಂತ ಬಸ್ಸು 20 ಸೆಕೆಂಡಿನಲ್ಲಿ ಗಂಟೆಗೆ 36 ಕಿ.ಮೀ. ತಲುಪಿತು, ಅಂದರೆ ಸೆಕೆಂಡಿಗೆ 10 ಮೀಟರ್. ಏರಿಕೆ ಪ್ರತಿ ಸೆಕೆಂಡಿಗೆ ಅರ್ಧ ಮೀಟರ್. ದನ ಅಡ್ಡ ಬಂತು, 4 ಸೆಕೆಂಡಿನಲ್ಲಿ ನಿಂತಿತು, ಇಳಿಕೆ ಪ್ರತಿ ಸೆಕೆಂಡಿಗೆ ಎರಡೂವರೆ ಮೀಟರ್. ಐದು ಪಟ್ಟು. ಹೊರಡುವಾಗ ಒಂದು ಕೈಯಲ್ಲಿ ಕಂಬಿ ಹಿಡಿದರೆ ಸಾಕಾಗುವವರಿಗೆ ಬ್ರೇಕ್ ಬಿದ್ದಾಗ ಎರಡೂ ಕೈ ಸಾಲದಿರುವುದು ಯಾಕೆ ಎಂಬುದು ಲೆಕ್ಕದಲ್ಲೇ ಕಾಣಿಸುತ್ತದೆ.

ಕಣ್ಣಿಗೆ ಕಾಣಿಸಬೇಕಾದರೆ ಸೈಕಲ್ಲಿನ ಕ್ಯಾರಿಯರ್‌ಗೆ ತಳದಲ್ಲಿ ಸೂಜಿಯಿಂದ ಚುಚ್ಚಿದ ಬಾಟಲಿ ಕಟ್ಟಿ, ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು ತುಂಬಿ. ತೊಟ್ಟು ಬೀಳುವ ಲಯ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸಮವಾಗಿ ತುಳಿದರೆ ಸಿಮೆಂಟಿನ ಮೇಲೆ ನೀಲಿ ಚುಕ್ಕಿಗಳು ಸಮದೂರದಲ್ಲಿ ಬೀಳುತ್ತವೆ. ಹೊರಡುವ ಜಾಗದಲ್ಲಿ ಒತ್ತೊತ್ತಾಗಿ, ಮುಂದೆ ಹೋದಂತೆ ಅಗಲಗಲವಾಗಿ. ಬ್ರೇಕ್ ಹಾಕಿದಲ್ಲಿ ಮತ್ತೆ ಒತ್ತು. ಮುರಕಲ್ಲಿನ ಅಂಗಳ ನೀರು ಹೀರಿಬಿಡುತ್ತದೆ, ಅಲ್ಲಿ ಬೇಡ. ‘ಇವನು ಎಲ್ಲಿ ಬ್ರೇಕ್ ಹಾಕಿದ?’ ಎಂದು ಚುಕ್ಕಿ ನೋಡಿ ಪತ್ತೆ ಹಚ್ಚುವ ಆಟಕ್ಕೆ ಮಕ್ಕಳು ಒಂದು ಪಿರಿಯಡ್ ಪೂರ್ತಿ ಕೊಡುತ್ತಾರೆ, ಕೊಡಲಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಡಿಕೆ ದಂಬೆಯ ಪ್ರಯೋಗ. ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಕೊನೆಯ ಪುಸ್ತಕದಲ್ಲಿ ವಿವರಿಸಿದ ಸಾಧನ, ಮರದ ಒಂದು ಉದ್ದ ತೋಡು. ಅದರೊಳಗೆ ನುಣುಪಾದ ಚರ್ಮದ ಹಾಳೆ ಅಂಟಿಸಿ, ಒಂದು ತಲೆಯನ್ನು ಎತ್ತರಿಸಿ, ಕಂಚಿನ ಗುಂಡು ಉರುಳಿಸಿದ್ದ. ಕೈಗೆ ಗಡಿಯಾರ ಇರಲಿಲ್ಲ. ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ನೀರು ಹರಿಸಿ, ಗುಂಡು ಉರುಳುವಷ್ಟು ಹೊತ್ತು ಬಿದ್ದ ನೀರನ್ನು ತೂಗಿ ಕಾಲ ಅಳೆದ. ನೀರು ಹಾಯಿಸಲು ಅಡಿಕೆ ಮರ ಸೀಳಿ ದಂಬೆ ಮಾಡುವವರಿಗೆ ಇದನ್ನು ಬೇರೆ ವಿವರಿಸಬೇಕೇ? 4 ಮೀಟರ್ ದಂಬೆಯ ಒಳಗನ್ನು ಕೆತ್ತಿ ನಯಮಾಡಿ, ಹಳೆಯ ಕ್ಯಾಲೆಂಡರಿನ ನುಣುಪು ಕಾಗದ ಹಾಸಿ, ಒಂದು ತಲೆಯನ್ನು 40 ಸೆಂ.ಮೀ. ಎತ್ತರಿಸಿ ಗೋಲಿ ಬಿಡಿ. ಮೂರೂವರೆ ಸೆಕೆಂಡಿನ ಆಸುಪಾಸಿನಲ್ಲಿ ತಳ ಸೇರುತ್ತದೆ. ದಂಬೆ ಸಿಗದಿದ್ದರೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಆದೀತು, ಇನ್ನೂ ನುಣುಪು.

ಈಗ ಮೇಲಿನ ತುದಿಯಿಂದ 25, 100, 225, 400 ಸೆಂ.ಮೀ. ದೂರಗಳಲ್ಲಿ ಸಪೂರ ತಂತಿಯ ಎಳೆಯನ್ನು ಅಡ್ಡ ಇಡಿ, ಗೋಲಿ ಅದರ ಮೇಲೆ ಹಾದಾಗ ‘ಟಕ್’ ಎನ್ನುವಂತೆ. ಹಳೆಯ ಕರೆಂಟ್ ವಯರಿನ ಒಳಗಿನ ಒಂದೇ ಎಳೆ ಸಾಕು, ದಪ್ಪವಾದರೆ ಗೋಲಿಯನ್ನೇ ತಡೆಯುತ್ತದೆ. ತಂತಿಗಳ ನಡುವಿನ ದೂರ ನೋಡಿ: 25, 75, 125, 175. ಅಂದರೆ 1, 3, 5, 7ರ ಲೆಕ್ಕ. ಆದರೂ ‘ಟಕ್’ ಕೇಳುವುದು ಸಮ ಅಂತರದಲ್ಲಿ. ಯಕ್ಷಗಾನದ ಊರಿದು, ತರಗತಿಯಲ್ಲಿ ಚೆಂಡೆಯೋ ಮದ್ದಳೆಯೋ ಕಲಿಯುವ ಒಬ್ಬನಾದರೂ ಇರುತ್ತಾನೆ. ಅವನನ್ನು ಕಣ್ಣು ಮುಚ್ಚಿ ತಾಳ ಹಿಡಿಯಲು ಕೂರಿಸಿ. ತಂತಿ ತುಸು ಆಚೀಚೆ ಆದರೂ ‘ಇಲ್ಲಿ ತಾಳ ತಪ್ಪಿತು’ ಎನ್ನುತ್ತಾನೆ. ವಿಜ್ಞಾನದಲ್ಲಿ ಹಿಂದುಳಿದವನು ಎಂದು ನಾನು ತಿಳಿದಿದ್ದ ಒಬ್ಬ ಹುಡುಗ ಈ ಕೆಲಸದಲ್ಲಿ ನನ್ನ ಸ್ಟಾಪ್‌ವಾಚನ್ನು ಸೋಲಿಸಿದ್ದ. ದೂರ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟು ಎಂಬುದು ಅವರ ಕಿವಿಗೆ ಕೇಳಿಸಿದ ಮೇಲೆ ಸೂತ್ರ ಬರೆಯುವುದು ಯಾವ ದೊಡ್ಡ ವಿಷಯ?

ಪದಗಳ ಬಗ್ಗೆ ಕೇಳಿದ್ದೀರಿ. ಇದು ನಮ್ಮ ಗಡಿಯ ಮಕ್ಕಳ ನಿಜವಾದ ಕಷ್ಟ, ಮಂಗಳೂರಿನ ಕಡೆಯವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಕನ್ನಡ ಪಠ್ಯಗಳಲ್ಲಿ ಸಾಮಾನ್ಯವಾಗಿ ಸ್ಪೀಡ್‌ಗೆ ಜವ, ದಿಕ್ಕು ಸೇರಿದ ವೆಲಾಸಿಟಿಗೆ ವೇಗ, ಆಕ್ಸಿಲರೇಶನ್ನಿಗೆ ವೇಗೋತ್ಕರ್ಷ. ಮಲಯಾಳದಲ್ಲಿ ಸ್ಪೀಡ್‌ಗೇ ವೇಗಂ ಎನ್ನುತ್ತಾರೆ, ವೆಲಾಸಿಟಿ ಪ್ರವೇಗಂ, ಆಕ್ಸಿಲರೇಶನ್ ತ್ವರಣಂ. ಅಂದರೆ ಇಲ್ಲಿ ವೇಗ ಎಂದು ಕಲಿತ ಮಗು ಅಲ್ಲಿ ಅದೇ ಪದ ಕೇಳಿ ಬೇರೆ ಅರ್ಥಕ್ಕೆ ಬೀಳುತ್ತದೆ. ಜಡತ್ವ, ಬಲ ಎರಡೂ ಕಡೆ ಒಂದೇ, ಅದು ನಮ್ಮ ಪುಣ್ಯ. ನಾನು ಮಾಡುತ್ತಿದ್ದದ್ದು ಇಷ್ಟು: ಮೊದಲ ಕೆಲವು ದಿನ ‘ಸ್ಪೀಡ್’ ಎಂದೇ ಮಾತಾಡಲು ಬಿಡುವುದು, ಹೇಗೂ ಎಲ್ಲ ಮನೆಮಾತುಗಳಲ್ಲೂ ಆ ಪದ ಇದೆ. ಪರಿಕಲ್ಪನೆ ಕೂತ ಮೇಲೆ ಗೋಡೆಯಲ್ಲಿ ಒಂದು ರಟ್ಟು ತೂಗಿಸಿ ಕನ್ನಡ, ಮಲಯಾಳ, ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಅಕ್ಕಪಕ್ಕ ಬರೆಯಿಸುವುದು, ‘ವೇಗ’ದ ಸಾಲಿಗೆ ಕೆಂಪು ಗೆರೆ ಎಳೆಯಿಸುವುದು. ಉತ್ಕರ್ಷ ಎಂದರೆ ಏರಿಕೆ ಆದ್ದರಿಂದ, ಬ್ರೇಕ್ ಹಾಕಿದ ಬಸ್ಸಿಗೂ ವೇಗೋತ್ಕರ್ಷ ಇದೆ ಎಂದರೆ ಮಕ್ಕಳು ನಗುತ್ತಾರೆ. ತಿರುವಿನಲ್ಲಿ ಒಂದೇ ಸ್ಪೀಡಿನಲ್ಲಿ ಹೋಗುವ ಬಸ್ಸಿಗೂ ಇದೆ ಎಂದರೆ ನಂಬುವುದೇ ಇಲ್ಲ. ಆಗ ‘ವೇಗದ ಬದಲಾವಣೆ’ ಎಂದು ಬಿಡಿಸಿ ಹೇಳಿ, ದಿಕ್ಕು ಬದಲಾದರೂ ಬದಲಾವಣೆಯೇ. ನ್ಯೂಟನ್ನನ ಮೂರನೆಯ ನಿಯಮವನ್ನು ಈ ಹಂತದಲ್ಲಿ ತರಬೇಡಿ, ಹಗ್ಗಜಗ್ಗಾಟದ ಸಮಬಲದೊಂದಿಗೆ ಕಲಸಿಹೋಗುತ್ತದೆ. ಒಂದೇ ವಸ್ತುವಿನ ಮೇಲಿನ ಎರಡು ಬಲ ಬೇರೆ, ಎರಡು ವಸ್ತುಗಳು ಪರಸ್ಪರ ಹಾಕುವ ಬಲ ಬೇರೆ. ಅದಕ್ಕೆ ಇನ್ನೊಂದು ವರ್ಷ ಇದೆ.

ಕಲಿತರೋ ಇಲ್ಲವೋ ನೋಡಲು ವ್ಯಾಖ್ಯೆ ಕೇಳಬೇಡಿ. ಒಂದು ರೂಪಾಯಿ ನಾಣ್ಯವನ್ನು ನೇರ ಮೇಲಕ್ಕೆ ಚಿಮ್ಮಿ. ಕೈಬಿಟ್ಟು ಮೇಲೇರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲ ಇದೆ, ಬಾಣದ ಗುರುತಿನಿಂದ ಬರೆಯಿರಿ ಎನ್ನಿ. ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ? ಬೀಳುವಾಗ? ಗಾಳಿಯನ್ನು ಬಿಟ್ಟರೆ ಮೂರಕ್ಕೂ ಉತ್ತರ ಒಂದೇ: ಕೆಳಮುಖದ ಒಂದು ಬಾಣ, ಭೂಮಿಯದು. ಏರುವಾಗ ಮೇಲ್ಮುಖ ಬಾಣ ಹಾಕುವ ಮಕ್ಕಳು ಮೊದಲ ಸಲ ಬಹಳ ಇರುತ್ತಾರೆ. ಕಾಲೇಜಿನವರೂ ಹಾಕುತ್ತಾರೆ, ಕೆಲವು ಮಾಷ್ಟ್ರುಗಳೂ. ಹಾಕಿದವರನ್ನು ‘ಆ ಬಾಣ ಯಾರದ್ದು?’ ಎಂದು ಕೇಳಿ. ‘ಕೈಯದ್ದು’ ಎಂದರೆ ಕೈ ಈಗ ಎಲ್ಲಿದೆ ಎಂದು ತೋರಿಸಲು ಹೇಳಿ. ಪಾಠಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಇದೇ ಪ್ರಶ್ನೆ ಕೊಡಿ. ಮೂರನೆಯ ಸಲ ಕೆಲವರು ಹಳೆಯ ಬಾಣಕ್ಕೆ ಮರಳಿರುತ್ತಾರೆ. ಆಗ ಸ್ಟ್ರೈಕರ್ ತೆಗೆದು ಮತ್ತೆ ಅಂಗಳಕ್ಕೆ ಇಳಿಯಿರಿ.

ಹಾಳೆಯ ಕೆಲಸವನ್ನು ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಪಾಚಿ ಕಟ್ಟಿದ ಅಂಗಳದಲ್ಲಿ ಎಳೆಯುವವರೇ ಜಾರಿ ಬೀಳುತ್ತಾರೆ. ಹಸಿ ಹಾಳೆ ಒಣಹಾಳೆಗಿಂತ ಬಾಳಿಕೆ ಬರುತ್ತದೆ, ಒಣಗಿದ್ದು ಕೂತ ಕೂಡಲೇ ಬಿರಿಯುತ್ತದೆ. ಗುಜರಿಯವರಿಂದ ತಕ್ಕಡಿ ತರುವಾಗ 50 ಕೆಜಿಯದ್ದೇ ಕೇಳಿ, ಮತ್ತು ಏನೂ ತೂಗಹಾಕದೆ ಇರುವಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.